ಅಂಟು ಆಮೇಲೆ, ಮೊದಲು ದೋಷ ಹುಡುಕಿ: ಕೆಟ್ಟ ಕಾರು, ಕೈ ಕಳಚಿದ ಗೊಂಬೆಗಳ ರಿಪೇರಿ

ನಮ್ಮ ಮನೆಯಲ್ಲಿ ಹಳೆಯ ಬಿಸ್ಕತ್ತಿನ ತಗಡಿನ ಡಬ್ಬ ಒಂದಿದೆ. ಮೊಮ್ಮಕ್ಕಳಿಬ್ಬರೂ ವಾರವಿಡೀ ಅದಕ್ಕೆ ಪೇಷೆಂಟುಗಳನ್ನು ತುಂಬುತ್ತಿರುತ್ತಾರೆ. ಭಾನುವಾರ ತಿಂಡಿ ಮುಗಿದ ಮೇಲೆ ಪೇಪರ್ ಹಾಸಿಕೊಂಡು ನಾನು ಕೂರುತ್ತೇನೆ. ಬೆಂಗಳೂರಿನ ಪೀಣ್ಯದಲ್ಲಿ ಮೂವತ್ತು ವರ್ಷ ಪ್ಲಾಸ್ಟಿಕ್ ಮೌಲ್ಡಿಂಗ್ ಮೆಷಿನ್ ಮುಂದೆ ನಿಂತವನು ನಾನು. ಆಟಿಕೆ ಮಾಡಿದವನಲ್ಲ, ಸ್ವಿಚ್ ಬೋರ್ಡು, ಬಾಚಣಿಗೆ, ಮಿಕ್ಸಿ ಗುಂಡಿ ಇಂಥವು. ಆದರೆ ಪ್ಲಾಸ್ಟಿಕ್ ಮುರಿಯುವ ರೀತಿ ಎಲ್ಲ ಕಡೆಯೂ ಒಂದೇ. ಈಚೆಗೆ ಅಕ್ಕಪಕ್ಕದ ಫ್ಲಾಟಿನ ಮಕ್ಕಳೂ "ಅಂಕಲ್, ಇದನ್ನ ಸ್ವಲ್ಪ ನೋಡ್ತೀರಾ?" ಅಂತ ಬರುತ್ತಿದ್ದಾರೆ. ಬಂದ ಆಟಿಕೆಗಳಲ್ಲಿ ಬಹಳಷ್ಟರ ಮೇಲೆ ಆಗಲೇ ಯಾರೋ ಅಪ್ಪ ಸೂಪರ್ ಗ್ಲೂ ಸುರಿದಿರುತ್ತಾರೆ. ಕೂದಲು ಸಿಕ್ಕಿಕೊಂಡ ಚಕ್ರಕ್ಕೆ ಗ್ಲೂ, ರಬ್ಬರ್ ರಿಂಗ್ ಹೋದ ಗೊಂಬೆಗೆ ಗ್ಲೂ. ಆಮೇಲೆ ನಾನು ರಿಪೇರಿ ಮಾಡಬೇಕಾದ್ದು ಆ ಗ್ಲೂವನ್ನೇ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸಾಕ್ಷಿಯ ವಿಚಾರಣೆ

"ಹೇಗೆ ಮುರೀತೋ?" ಅಂತ ಕೇಳಿದರೆ ಸಿಗುವ ಉತ್ತರ ಒಂದೇ: "ಅದೇ ಮುರಿದೋಯ್ತು ತಾತ." ಆದ್ದರಿಂದ ಹಾಗೆ ಕೇಳಬೇಡಿ. "ಕೊನೇಲಿ ಎಲ್ಲಿ ಆಡ್ತಿದ್ದೆ?" ಅಂತ ಕೇಳಿ. ಮರಳಿನಲ್ಲೋ, ಬಚ್ಚಲಲ್ಲೋ, ಟೆರೇಸಿನ ಬಿಸಿಲಲ್ಲೋ, ಸೋಫಾ ಕೆಳಗೋ. ಆ ಒಂದು ಉತ್ತರದಲ್ಲಿ ಅರ್ಧ ರೋಗ ಗೊತ್ತಾಗುತ್ತದೆ. ಮರಳು ಅಂದರೆ ಗೇರು ನೋಡಬೇಕು, ಬಚ್ಚಲು ಅಂದರೆ ಬ್ಯಾಟರಿ ಜಾಗ, ಸೋಫಾ ಕೆಳಗೆ ಅಂದರೆ ಕೂದಲು, ದಾರ.

ಇನ್ನೊಂದು ಪ್ರಶ್ನೆಯನ್ನೂ ಕೇಳಿಬಿಡಿ: ಇದನ್ನು ಸರಿಮಾಡಬೇಕಾ? ಚಿಕ್ಕವನ ಸೈನಿಕನೊಬ್ಬನಿಗೆ ಎಡಗೈ ಇರಲಿಲ್ಲ. ಸೋಫಾ ಸಂದಿಯಲ್ಲಿ ಅದು ಸಿಕ್ಕಿದಾಗ ಖುಷಿಯಿಂದ ಜೋಡಿಸಲು ಹೊರಟೆ. "ಬೇಡ ತಾತ, ಅದು ಯುದ್ಧದಲ್ಲಿ ಹೋಗಿರೋದು" ಅಂದ. ಕೈ ಇನ್ನೂ ಡಬ್ಬದಲ್ಲೇ ಇದೆ.

ಮುರಿದ ಅಂಚನ್ನು ಓದುವುದು

ಭೂತಗನ್ನಡಿ ಹಿಡಿದು ಮುರಿದ ಜಾಗವನ್ನು ನೋಡಿ. ಇದಕ್ಕೆ ಐದು ನಿಮಿಷ ಕೊಟ್ಟರೆ ಮುಂದಿನ ಒಂದು ಗಂಟೆ ಉಳಿಯುತ್ತದೆ.

ಅಂಚು ಗಾಜು ಒಡೆದ ಹಾಗೆ ನುಣ್ಣಗೆ, ಹೊಳಪಾಗಿದ್ದರೆ ಆ ಪ್ಲಾಸ್ಟಿಕ್ ಮೊದಲಿನಿಂದಲೇ ಪೆಡಸು. ತೆಳು ಪಾಲಿಸ್ಟೈರೀನ್ ಇರಬಹುದು, ಇಲ್ಲವೇ ಮತ್ತೆ ಮತ್ತೆ ಪುಡಿಮಾಡಿ ಕರಗಿಸಿದ ಮಾಲು. ಕರಗಿಸಿದಷ್ಟೂ ಪ್ಲಾಸ್ಟಿಕ್ಕಿನ ಸತ್ವ ಇಳಿಯುತ್ತದೆ. ನಮ್ಮ ಷಾಪಿನಲ್ಲೂ ರನ್ನರ್ (ಅಚ್ಚಿನ ಕಾಲುವೆಯಲ್ಲಿ ಉಳಿದ ಪ್ಲಾಸ್ಟಿಕ್) ಪುಡಿಯನ್ನು ಹೊಸ ಮಾಲಿಗೆ ಬೆರೆಸುತ್ತಿದ್ದೆವು. ಎಷ್ಟು ಬೆರೆಸಬಹುದು ಅನ್ನುವುದರಲ್ಲೇ ಲಾಭ, ಮಾನ ಎರಡೂ ಇತ್ತು. ಇಂಥದ್ದನ್ನು ಅಂಟಿಸಿದರೆ ಅದರ ಪಕ್ಕದಲ್ಲೇ ಇನ್ನೊಂದು ಸಲ ಒಡೆಯುತ್ತದೆ.

ಅಂಚು ಬೆಳ್ಳಗಾಗಿ, ಎಳೆದ ಹಾಗೆ ನಾರುನಾರಾಗಿದ್ದರೆ ಮಾಲು ಗಟ್ಟಿಯದೇ, ಬಿದ್ದ ಬಲ ಹೆಚ್ಚಾಗಿದೆ. ಯಾರೋ ತುಳಿದಿದ್ದಾರೆ ಅಥವಾ ತಿರುಚಿದ್ದಾರೆ. ಇದು ರಿಪೇರಿಗೆ ಒಳ್ಳೆಯ ಕೇಸು. ಮುರಿಯುವ ಮುಂಚೆಯೇ ಮಡಿಚಿದ ಕಡೆ ಬಿಳಿ ಗೆರೆ ಕಂಡರೆ ಅದು ಮುನ್ಸೂಚನೆ, ಆ ಕೀಲನ್ನು ಇನ್ನು ಬಗ್ಗಿಸಬೇಡಿ.

ಮೇಲ್ಮೈ ಹಳದಿಯಾಗಿ, ಉಗುರಿನಲ್ಲಿ ಕೆರೆದರೆ ಸೀಮೆಸುಣ್ಣದ ಹಾಗೆ ಪುಡಿ ಬಂದರೆ ಬಿಸಿಲು ತಿಂದಿದೆ. ಬಾಲ್ಕನಿಯ ಗ್ರಿಲ್ಲಿಗೆ ವರ್ಷಗಟ್ಟಲೆ ಒರಗಿದ್ದ ಲಾರಿಗಳ ಗತಿ ಇದು. ಔಷಧಿ ಇಲ್ಲ.

ನಾಲ್ಕನೆಯದು ಮೌಲ್ಡಿಂಗಿನವರಿಗೆ ಮಾತ್ರ ಥಟ್ಟನೆ ಕಾಣುತ್ತದೆ. ಗೊಂಬೆಯ ಮಣಿಕಟ್ಟು, ಕೊಕ್ಕೆಯ ತೂತು, ಚಕ್ರದ ನಡುವಿನ ರಂಧ್ರ ಇಂಥ ಕಡೆ ಕರಗಿದ ಪ್ಲಾಸ್ಟಿಕ್ ಎರಡು ದಿಕ್ಕಿನಿಂದ ಹರಿದು ಬಂದು ಕೂಡುತ್ತದೆ. ಬರುವಷ್ಟರಲ್ಲಿ ಮುಂಭಾಗ ತಣ್ಣಗಾಗಿರುವುದರಿಂದ ಬೆಸುಗೆ ಪೂರ್ತಿ ಆಗಿರುವುದಿಲ್ಲ. ಅದಕ್ಕೆ ವೆಲ್ಡ್ ಲೈನ್ ಅನ್ನುತ್ತಾರೆ, ಕೂದಲೆಳೆಯಂಥ ಗೆರೆ. ಬಿರುಕು ನೇರ ಆ ಗೆರೆಯ ಮೇಲೇ ಓಡಿದ್ದರೆ ಮಗುವನ್ನು ಬೈಯಬೇಡಿ, ಅದು ಹುಟ್ಟಿನಿಂದ ಬಂದದ್ದು.

ಒಂದು ಲೋಟ ನೀರು

ಅಂಟು ಹಿಡಿಯುತ್ತದೋ ಇಲ್ಲವೋ ಎಂದು ತಿಳಿಯಲು ಮುರಿದ ಚೂರೊಂದನ್ನು ನೀರಿಗೆ ಹಾಕಿ. ಸ್ಕ್ರೂ ಇದ್ದರೆ ತೆಗೆಯಿರಿ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ, ಗಾಳಿ ಗುಳ್ಳೆ ಹೋಗುವ ಹಾಗೆ ಅದ್ದಿ ಬಿಡಿ. ತೇಲಿದರೆ ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್. ಮರಳಾಟದ ಟಿಪ್ಪರ್, ಬಕೆಟ್, ದೊಡ್ಡ ಲಾರಿಯ ಚಕ್ರ ಸಾಮಾನ್ಯವಾಗಿ ಈ ಜಾತಿ. ಪೆಟ್ಟು ಚೆನ್ನಾಗಿ ತಡೆಯುತ್ತವೆ, ಆದರೆ ಮುರಿದ ಮೇಲೆ ಮನೆಯಲ್ಲಿರುವ ಯಾವ ಅಂಟೂ ಅದಕ್ಕೆ ನಿಲ್ಲುವುದಿಲ್ಲ. ಎರಡೂ ಕಡೆ ತೂತು ಕೊರೆದು ತಂತಿಯಿಂದ ಹೊಲಿಯಬೇಕು, ಇಲ್ಲವೇ ಸಣ್ಣ ನಟ್ಟು ಬೋಲ್ಟು ಹಾಕಬೇಕು.

ಮುಳುಗಿದರೆ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್, ಪಾಲಿಸ್ಟೈರೀನ್ ಅಥವಾ ಪಿವಿಸಿ. ಇವಕ್ಕೆ ಅಂಟು ನಡೆಯುತ್ತದೆ. ಎಬಿಎಸ್ ಆದರೆ ಇನ್ನೂ ಒಂದು ಉಪಾಯವಿದೆ. ಅದೇ ಜಾತಿಯ ಬೇಡದ ಚೂರುಗಳನ್ನು ಗಾಜಿನ ಶೀಶೆಯಲ್ಲಿ ಅಸಿಟೋನಿನಲ್ಲಿ ರಾತ್ರಿ ನೆನೆಹಾಕಿದರೆ ಬೆಳಗ್ಗೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಅದನ್ನು ಬಿರುಕಿಗೆ ಮೆತ್ತಿ ಎರಡು ದಿನ ಬಿಟ್ಟರೆ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ಕೇ ಬೆಸೆದಿರುತ್ತದೆ. ಕಿಟಕಿ ತೆರೆದಿಟ್ಟು, ಒಲೆಯಿಂದ ದೂರ, ಮಕ್ಕಳು ಮಲಗಿದ ಮೇಲೆ ಮಾಡುವ ಕೆಲಸ ಇದು. ಇದೇ ಕಾರಣಕ್ಕೆ ಗೊಂಬೆಯ ಮುಖಕ್ಕೆ ತಾಗಿದ ಗ್ಲೂವನ್ನು ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರಿನಿಂದ ಒರೆಸಲು ಹೋಗಬೇಡಿ. ಗ್ಲೂ ಜೊತೆ ಮೂಗೂ ಬರುತ್ತದೆ.

ಸಣ್ಣ ಕಾರು ಓಡುತ್ತಿಲ್ಲ, ಅಥವಾ ಒಂದೇ ಕಡೆ ಎಳೆಯುತ್ತದೆ

ಅಂಗೈಯಲ್ಲಿ ಹಿಡಿಯುವ ಲೋಹದ ಕಾರುಗಳ ಮಾತು ಇದು. ಮ್ಯಾಚ್‌ಬಾಕ್ಸ್ 1953ರಲ್ಲಿ ಬಂತು, ಹಾಟ್ ವೀಲ್ಸ್ 1968ರಲ್ಲಿ. ಅಂದಿನಿಂದ ಇಂದಿನವರೆಗೂ ಮೈ ಸತುವಿನ ಮಿಶ್ರಲೋಹ, ತಳ ರಿವೆಟ್ಟು, ಆಕ್ಸಲ್ ಅಂದರೆ ಎರಡು ಚಕ್ರ ಜೋಡಿಸುವ ಒಂದು ಸಣ್ಣ ತಂತಿ. ಮೈ ಕೆಡುವುದೇ ಇಲ್ಲ ಅನ್ನಬಹುದು, ಬಣ್ಣ ಮಾತ್ರ ಹೋಗುತ್ತದೆ. ಕೆಡುವುದು ಆಕ್ಸಲ್.

ಪಾಠದ ಪುಸ್ತಕವೊಂದನ್ನು ಇಳಿಜಾರಾಗಿ ನಿಲ್ಲಿಸಿ ಕಾರನ್ನು ಬಿಡಿ. ನೇರ ಹೋಗದೆ ಬಲಕ್ಕೋ ಎಡಕ್ಕೋ ತಿರುಗಿದರೆ ಆ ಕಡೆಯ ಚಕ್ರವೊಂದು ಹಿಡಿದಿದೆ ಅಥವಾ ಆಕ್ಸಲ್ ಬಾಗಿದೆ. ಕಾರನ್ನು ಮಗುಚಿ, ಒಂದೊಂದೇ ಚಕ್ರವನ್ನು ಬೆರಳಲ್ಲಿ ಹೊಡೆದು ತಿರುಗಿಸಿ ನೋಡಿ. ತಕ್ಷಣ ನಿಲ್ಲುವ ಚಕ್ರದ ಬುಡದಲ್ಲಿ ಹತ್ತರಲ್ಲಿ ಏಳೆಂಟು ಸಲ ಅಮ್ಮನದೋ ಅಜ್ಜಿಯದೋ ಕೂದಲು ಸುತ್ತಿಕೊಂಡಿರುತ್ತದೆ. ಹೊಲಿಗೆ ಸೂಜಿಯಿಂದ ಎಬ್ಬಿಸಿ, ಚಿಮಟದಿಂದ ಎಳೆದರೆ ರಿಪೇರಿ ಮುಗಿಯಿತು.

ಎಣ್ಣೆ ಹಾಕುವುದಾದರೆ ಹೊಲಿಗೆ ಮೆಷಿನ್ನಿನ ಎಣ್ಣೆ, ಅದೂ ಸೂಜಿ ಮೊನೆಯಲ್ಲಿ ನಿಲ್ಲುವಷ್ಟು. ಕೊಬ್ಬರಿ ಎಣ್ಣೆ ಖಂಡಿತ ಬೇಡ. ಅದು ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ, ನಮ್ಮ ಡಿಸೆಂಬರ್ ಬೆಳಗಿನಲ್ಲಿ ಬಾಟಲಿಯಲ್ಲೇ ಕಲ್ಲಾಗಿರುವುದನ್ನು ನೋಡಿಲ್ಲವೇ? ಎಣ್ಣೆಗಿಂತ ಪೆನ್ಸಿಲ್ ಸೀಸದ ಪುಡಿ ವಾಸಿ, ಧೂಳು ಹಿಡಿಯುವುದಿಲ್ಲ. ಬಾಗಿದ ಆಕ್ಸಲನ್ನು ಎರಡು ಚಿಮಟ ಹಿಡಿದು ನಿಧಾನ ನೆಟ್ಟಗೆ ಮಾಡಿ. ಒಂದೇ ಸಲಕ್ಕೆ ತಿದ್ದಲು ಹೋದರೆ ಚಕ್ರದ ತೂತು ಹಿಗ್ಗುತ್ತದೆ.

ಅಟ್ಟದಿಂದ ಇಳಿಸಿದ ಬಹಳ ಹಳೆಯ ಲೋಹದ ಕಾರು ತಾನಾಗಿಯೇ ಬಿರುಕುಬಿಟ್ಟು, ಉಬ್ಬಿ, ಪುಡಿಯಾಗುತ್ತಿದ್ದರೆ ಅದು ಬಿದ್ದು ಆದದ್ದಲ್ಲ. ಎರಕದ ಸತುವಿನಲ್ಲಿ ಸೀಸದಂಥ ಕಲಬೆರಕೆ ಸೇರಿದ್ದರೆ ಕಾಲಕ್ರಮೇಣ ಒಳಗಿನಿಂದಲೇ ಹೀಗೆ ಕೊರೆಯುತ್ತದೆ, ತೇವ ಅದನ್ನು ಚುರುಕುಮಾಡುತ್ತದೆ. ಷೋಕೇಸಿನಲ್ಲಿಡಿ, ಮಗುವಿನ ಕೈಗೆ ಬೇಡ.

ಹಿಂದಕ್ಕೆಳೆದು ಬಿಟ್ಟರೂ ಮುಂದೆ ಹೋಗುವುದಿಲ್ಲ

ನನಗೆ ಇಷ್ಟವಾದ ಕೇಸು ಇದು, ಏಕೆಂದರೆ ಕಿವಿಯಿಂದಲೇ ಪತ್ತೆಮಾಡಬಹುದು. ಮೊದಲು ಯಾವ ಜಾತಿ ಅಂತ ನೋಡಿ. ನೆಲಕ್ಕೊತ್ತಿ ಮುಂದೆ ಮುಂದೆ ಉಜ್ಜಿದಾಗ "ಗೊಂಯ್" ಅಂತ ಸದ್ದು ಮಾಡುತ್ತಾ ಹೋಗುವುದು ಫ್ರಿಕ್ಷನ್ ಕಾರು. ಒಳಗೆ ಭಾರದ ಚಕ್ರವೊಂದು ಗಿರ್ರನೆ ತಿರುಗಿ ಆ ವೇಗವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಂದಕ್ಕೆಳೆದು ಬಿಡುವ ಕಾರಿನ ಒಳಗೆ ಸುರುಳಿ ಸ್ಪ್ರಿಂಗ್ ಇರುತ್ತದೆ.

ಸ್ಪ್ರಿಂಗ್ ಕಾರನ್ನು ಹಿಂದಕ್ಕೆಳೆಯಿರಿ. ಬಿಗಿ ಏರುತ್ತಾ ಹೋಗಿ ಕೊನೆಗೆ "ಟಕ್ ಟಕ್" ಅಂದರೆ ಗಾಬರಿ ಬೇಡ. ಸ್ಪ್ರಿಂಗ್ ತುಂಬಿದೆ, ಇನ್ನು ಎಳೆಯಬೇಡ ಅಂತ ಕ್ಲಚ್ಚು ಜಾರುವ ಸದ್ದು ಅದು. ಬಿಗಿಯೇ ಇಲ್ಲದೆ ಸಲೀಸಾಗಿ ಬಂದರೆ ಸ್ಪ್ರಿಂಗ್ ತುಂಡಾಗಿದೆ ಅಥವಾ ಅದರ ತುದಿಯ ಕೊಕ್ಕೆ ಕಳಚಿದೆ. ಬಿಗಿ ಏರುತ್ತದೆ, ಆದರೆ ಬಿಟ್ಟಾಗ ಚಕ್ರ ಜಾಗದಲ್ಲೇ ಗರಗರ ತಿರುಗುತ್ತದೆ ಅಂದರೆ ಗೇರಿನ ತಂಟೆಗೇ ಹೋಗಬೇಡಿ, ಕಾಲೊರೆಸುವ ಮ್ಯಾಟಿನ ಮೇಲೆ ಬಿಟ್ಟು ನೋಡಿ. ಅಲ್ಲಿ ಓಡಿದರೆ ಟೈರಿನ ರಬ್ಬರ್ ಹೋಗಿದೆ ಅಷ್ಟೆ. ಬಸವನಗುಡಿಯ ನಮ್ಮ ಹಳೇ ಮನೆಯ ರೆಡ್ ಆಕ್ಸೈಡ್ ನೆಲದಲ್ಲಿ ಓಡುತ್ತಿದ್ದ ಕಾರು ಈಗಿನ ಕನ್ನಡಿಯಂಥ ಟೈಲ್ಸ್ ಮೇಲೆ ಜಾರುತ್ತದೆ. ಸೈಕಲ್ ಷಾಪಿನಲ್ಲಿ ಸಿಗುವ ವಾಲ್ವ್ ಟ್ಯೂಬಿನಿಂದ ಬಳೆಯಂತೆ ಕತ್ತರಿಸಿ ಸಣ್ಣ ಚಕ್ರಕ್ಕೆ ಏರಿಸಿ, ದೊಡ್ಡದಕ್ಕೆ ಅಗಲದ ರಬ್ಬರ್ ಬ್ಯಾಂಡು ಸಾಕು.

ಇನ್ನು "ಟಕ್... ಟಕ್... ಟಕ್" ಅಂತ ಚಕ್ರದ ಒಂದು ಸುತ್ತಿಗೆ ಒಂದೆರಡು ಸಲ ಲಯಬದ್ಧವಾಗಿ ಸದ್ದು ಬಂದು, ಕಾರು ಕುಂಟುತ್ತಾ ಹೋದರೆ ಗೇರು ಸೀಳಿದೆ ಎಂದೇ ತಿಳಿಯಿರಿ. ಮೋಟಾರು ಇರುವ ಕಾರುಗಳಲ್ಲೂ ಇದೇ ದೊಡ್ಡ ರೋಗ. ಲೋಹದ ಕಡ್ಡಿಗೆ ಪುಟ್ಟ ಪ್ಲಾಸ್ಟಿಕ್ ಗೇರನ್ನು ಬಿಗಿಯಾಗಿ ತುರುಕಿರುತ್ತಾರೆ. ಆ ಬಿಗಿತ ಹಗಲೂ ರಾತ್ರಿ ಒಳಗಿನಿಂದ ಹಿಗ್ಗಿಸುತ್ತಲೇ ಇರುತ್ತದೆ. ಆಟವಾಡದೆ ಕಪಾಟಿನಲ್ಲಿಟ್ಟಿದ್ದರೂ ಒಂದು ದಿನ ಎರಡು ಹಲ್ಲಿನ ನಡುವೆ ಸೀಳುತ್ತದೆ. ಬಿಚ್ಚಿ ನೋಡಿದರೆ ಒಂದು ಕಡೆ ಮಾತ್ರ ಹಲ್ಲುಗಳ ನಡುವಿನ ಸಂದು ಅಗಲವಾಗಿರುತ್ತದೆ. ಜೊತೆಯ ಗೇರು ಅಲ್ಲಿಗೆ ಬಂದಾಗಲೆಲ್ಲ ಎಡವುತ್ತದೆ, ಆ "ಟಕ್" ಅದೇ.

ಇದಕ್ಕೆ ಅಂಟು ಹಾಕಿದರೆ ಹತ್ತು ನಿಮಿಷ ನಿಲ್ಲುತ್ತದೆ, ಒಳಗಿನ ಬಿಗಿತ ಹೋಗಿಲ್ಲವಲ್ಲ! ಬಿಡಿಭಾಗದ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹಳೇ ಗೇರು ತೆಗೆದುಕೊಂಡು ಹೋಗಿ. ಹಲ್ಲು ಎಣಿಸಿ, ಕಡ್ಡಿಯ ದಪ್ಪ ಅಳೆದಿಟ್ಟುಕೊಳ್ಳಿ. ಆಟಿಕೆಯ ಸಾಮಾನ್ಯ ಸಣ್ಣ ಮೋಟಾರಿನ ಕಡ್ಡಿ 2 ಮಿ.ಮೀ. ಇರುತ್ತದೆ. ಶಾಲಾ ಪ್ರಾಜೆಕ್ಟಿನ ಸಾಮಾನು ಮಾರುವ ಅಂಗಡಿಗಳಲ್ಲಿ ಬಗೆಬಗೆಯ ಗೇರು ಸಿಗುತ್ತವೆ. ಭಾನುವಾರ ಹೋಗಬೇಡಿ, ಬಹುಪಾಲು ಬಾಗಿಲು ಹಾಕಿರುತ್ತದೆ.

ಬಿಚ್ಚಿದ್ದನ್ನು ಮುಚ್ಚುವಾಗ ಒಂದು ಮಾತು. ಸ್ಕ್ರೂವನ್ನು ಇಟ್ಟ ಕೂಡಲೇ ಬಿಗಿಯಬೇಡಿ. ಮೊದಲು ಉಲ್ಟಾ ತಿರುಗಿಸಿ, ಹಳೆಯ ಮರೆಗೆ (ಸ್ಕ್ರೂ ಕೊರೆದ ಸುರುಳಿ ಗೆರೆಗೆ) "ಕಟಕ್" ಅಂತ ಇಳಿದ ಮೇಲೆ ಬಿಗಿಯಿರಿ. ಪ್ರತಿ ಸಲ ಹೊಸ ಮರೆ ಕೊರೆದರೆ ಸ್ಕ್ರೂ ಕೂರುವ ಕಂಬ ಸೀಳಿ, ಆಮೇಲೆ ಇಡೀ ಕಾರೇ ಬಾಯಿ ಬಿಡುತ್ತದೆ.

ಬ್ಯಾಟರಿ ಗೊಂಬೆ, ರಿಮೋಟ್ ಕಾರು ಸತ್ತಿದೆ

ಬ್ಯಾಟರಿ ಮುಚ್ಚಳ ತೆಗೆಯಿರಿ. ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಇದ್ದರೆ ಸೆಲ್ ಸೋರಿದೆ. ಆಲ್ಕಲೈನ್ ಸೆಲ್ ಸೋರಿದ್ದು ಕ್ಷಾರ, ಬರಿಗೈಯಲ್ಲಿ ಮುಟ್ಟಬೇಡಿ. ಇಯರ್ ಬಡ್‌ಗೆ ನಿಂಬೆ ರಸ ಅಥವಾ ವಿನೆಗರ್ ತಾಗಿಸಿ ಒರೆಸಿ, ಒಣಗಿಸಿ, ಮರಳು ಕಾಗದದಿಂದ ಮೆಲ್ಲಗೆ ತೀಡಿ. ಪುಡಿ ಇಲ್ಲದಿದ್ದರೆ ಮಲ್ಟಿಮೀಟರ್ ಹಿಡಿಯಿರಿ. ಹೊಸ ಎಎ ಸೆಲ್ 1.5 ವೋಲ್ಟ್ ಮೇಲೇ ತೋರಿಸಬೇಕು. ಸುಮ್ಮನಿದ್ದಾಗ ಸರಿಯಾಗಿ ತೋರಿಸಿ, ಸ್ವಿಚ್ ಹಾಕಿದ ಕೂಡಲೇ ಕುಸಿದರೆ ಸೆಲ್ ಮುಗಿದಿದೆ. ಟಿವಿ ರಿಮೋಟಿನ ಹಳೇ ಸೆಲ್ ಒಂದು, ಹೊಸದು ಒಂದು ಹಾಕುವ ನಮ್ಮೆಲ್ಲರ ಜುಗ್ಗತನವೇ ಸೋರುವುದಕ್ಕೆ ದೊಡ್ಡ ಕಾರಣ.

ಸೆಲ್ ಸರಿ, ಆದರೂ ಸದ್ದಿಲ್ಲ ಅಂದರೆ ಎರಡು ಸೆಲ್ಲಿನ 3 ವೋಲ್ಟನ್ನು ವೈರು ಹಿಡಿದು ನೇರ ಮೋಟಾರಿಗೇ ಕೊಡಿ. ತಿರುಗಿದರೆ ಮೋಟಾರು ಬದುಕಿದೆ; ಸ್ವಿಚ್ಚಿನಿಂದ ಇಲ್ಲಿಯವರೆಗೆ ಎಲ್ಲೋ ಬೆಸುಗೆ ಬಿಟ್ಟಿದೆ, ಬಹುಮಟ್ಟಿಗೆ ಸ್ಪ್ರಿಂಗಿನ ಹಿಂದೆಯೇ. ಒಂದು ರಿಮೋಟಿಗೆ ಎರಡು ಕಾರು ಕುಣಿದರೆ ದೆವ್ವವಲ್ಲ. ಅಗ್ಗದ ಹಳೇ ಕಾರುಗಳು ಒಂದೇ 27 ಮೆಗಾಹರ್ಟ್ಸ್ ತರಂಗದಲ್ಲಿ ಕೇಳಿಸಿಕೊಳ್ಳುತ್ತವೆ. 2.4 ಗಿಗಾಹರ್ಟ್ಸ್ ಕಾರುಗಳಿಗೆ ಈ ಕಾಯಿಲೆ ಇಲ್ಲ, ಬದಲಿಗೆ ಸೆಲ್ ಬದಲಿಸಿದ ಮೇಲೆ ಕೆಲವು ಸಲ ರಿಮೋಟಿನ ಜೊತೆ ಮತ್ತೆ ಜೋಡಿ ಮಾಡಿಸಬೇಕಾಗುತ್ತದೆ.

ಮಗು ಕೂತು ಓಡಿಸುವ ದೊಡ್ಡ ಕಾರು ರಜೆ ಮುಗಿಸಿ ಬರುವಷ್ಟರಲ್ಲಿ ಸತ್ತಿದ್ದರೆ ಚಾರ್ಜ್ ಮಾಡದೆ ಬಿಟ್ಟ ಲೆಡ್ ಆಸಿಡ್ ಬ್ಯಾಟರಿಯೇ ಕಾರಣ. 12 ವೋಲ್ಟಿನದು ಪೂರ್ತಿ ಚಾರ್ಜ್ ಆದಾಗ 12.6ರ ಮೇಲಿರಬೇಕು. ರಾತ್ರಿಯಿಡೀ ಹಾಕಿದರೂ ಅಲ್ಲಿಗೆ ಏರದಿದ್ದರೆ ಬ್ಯಾಟರಿ ಬದಲಿಸಿ, ಕಾರನ್ನಲ್ಲ.

ನಾಣ್ಯದಂಥ ಬಟನ್ ಸೆಲ್ ಇರುವ ಆಟಿಕೆಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಅದನ್ನು ಮನೆಯಿಂದ ಹೊರಗೆ ಹಾಕಿ. ಸೆಲ್ ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ನಿಲ್ಲದೆ ನೇರ ಆಸ್ಪತ್ರೆಗೆ ಓಡಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟು ಗಾಯ ಮಾಡಬಲ್ಲದು.

ಗೊಂಬೆಯ ಕೀಲು: ಸಡಿಲ, ಬಿಗಿ, ತುಂಡು

ಸಡಿಲವಾದ ಕೀಲಿಗೆ ಪ್ಲಂಬರ್ ಟೆಫ್ಲಾನ್ ಟೇಪಿಗಿಂತ ಒಳ್ಳೆಯದು ನಾನು ಕಂಡಿಲ್ಲ. ಕೈಯನ್ನು ಎಳೆದು ತೆಗೆದು, ಕೀಲಿನ ಗುಂಡು ತುದಿಗೆ ಒಂದೂವರೆ ಸುತ್ತು ಹಾಕಿ ಮತ್ತೆ ಒತ್ತಿ. ಜಾಸ್ತಿ ಆದರೆ ತೋಳಿನ ಬಟ್ಟಲು ಸೀಳುತ್ತದೆ.

ಇಲ್ಲಿ ಸೂಪರ್ ಗ್ಲೂ ಹಾಕಿದ ಮಹಾನುಭಾವ ನಾನೇ. ಒಂದು ಸಣ್ಣ ಹನಿ, ಬೇಗ ಆಡಿಸಿದರೆ ಆಯಿತು ಅಂದುಕೊಂಡಿದ್ದೆ. ಎಣಿಸುವಷ್ಟರಲ್ಲಿ ಹಿಡಿದುಬಿಟ್ಟಿತು. ಆ ವೀರ ಒಂದು ವರ್ಷ ಬಿಎಂಟಿಸಿ ಬಸ್ಸಿಗೆ ಕೈ ಅಡ್ಡ ಹಾಕಿದವನ ಹಾಗೆ ನಿಂತಿದ್ದ. ಹುಡುಗರು ಅವನನ್ನು ಟ್ರಾಫಿಕ್ ಪೊಲೀಸ್ ಮಾಡಿಕೊಂಡರು.

ಹೊಸ ಗೊಂಬೆಯ ಕೀಲು ಅಲುಗದಿದ್ದರೆ ತಿರುಚಬೇಡಿ. ಬಣ್ಣ ಅಂಟಿ ಹಿಡಿದಿರುತ್ತದೆ. ಒಂದು ಲೋಟ ಬಿಸಿ ನೀರಿನಲ್ಲಿ ಆ ಕೈಯನ್ನು ಅರ್ಧ ನಿಮಿಷ ಅದ್ದಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವುದರಿಂದ ನಮ್ಮಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ, ಆದರೂ ಕುದಿಯುವ ನೀರು ಬೇಡ. ಕಾಫಿ ಕುಡಿಯುವ ಬಿಸಿಗಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು, ಪಿವಿಸಿ ಮೆತ್ತಗಾಗುತ್ತದೆ. ಬಂದೂಕನ್ನು ಮುಷ್ಟಿಗೆ ತುರುಕುವ ಮುಂಚೆಯೂ ಹೀಗೇ ಮಾಡಿ. ಸಣ್ಣ ಸೈನಿಕರ ಹೆಬ್ಬೆರಳು ಹೋಗುವುದು ಯುದ್ಧದಲ್ಲಲ್ಲ, ದಪ್ಪ ಹಿಡಿಕೆಯ ಬಂದೂಕು ಹಿಡಿಸುವಾಗ.

ಸೊಂಟದಲ್ಲಿ ಎರಡು ತುಂಡಾಗಿ ಕೈಗೆ ಬಂದ ಹಳೇ ಜಿ.ಐ. ಜೋ ಇದ್ದರೆ ಎಸೆಯಲೇಬೇಡಿ. 1982ರಿಂದ ಬಂದ ಮೂರೂ ಮುಕ್ಕಾಲು ಇಂಚಿನ ಈ ಸೈನಿಕರನ್ನು ನಮ್ಮ ದೇಶದಲ್ಲಿ ಫನ್‌ಸ್ಕೂಲ್ ಪರವಾನಗಿ ಪಡೆದು ಮಾಡುತ್ತಿತ್ತು. ನನ್ನ ಮಗನ ಕಾಲದವು ಮೂರು ನಮ್ಮಲ್ಲಿವೆ. ಎದೆಯನ್ನೂ ಕಾಲನ್ನೂ ಹಿಡಿದಿರುವುದು ಒಳಗಿನ ಒಂದೇ ಒಂದು ರಬ್ಬರ್ ರಿಂಗ್. ಸದಾ ಎಳೆದುಕೊಂಡೇ ಇರುವ ರಬ್ಬರ್ ಗಾಳಿಗೆ ಬಿರುಕು ಬಿಟ್ಟು ಒಂದು ದಿನ ಕಡಿಯುತ್ತದೆ. ಬೆನ್ನಿನ ಸ್ಕ್ರೂ ಬಿಚ್ಚಿ, ಹಳೇ ರಿಂಗಿನ ತುಂಡನ್ನು ಹಾರ್ಡ್‌ವೇರ್ ಅಂಗಡಿಗೆ ಒಯ್ದು ಅಳತೆಗೆ ಹೊಂದುವ ಓ-ರಿಂಗ್ ಕೇಳಿ. ನನ್ನ ಮೂರೂ ಸೈನಿಕರು ಒಂದು ಟೀ ಖರ್ಚಿನಲ್ಲಿ ಎದ್ದು ನಿಂತರು.

ಕೀಲಿನ ಗೂಟವೇ ತುಂಡಾಗಿದ್ದರೆ ಅಂಟೊಂದೇ ಸಾಲದು. ಎರಡೂ ತುದಿಗೆ 1 ಮಿ.ಮೀ. ತೂತು ಕೊರೆದು, ಪೇಪರ್ ಕ್ಲಿಪ್ಪಿನ ತಂತಿಯನ್ನು ಮೂಳೆಯಂತೆ ಒಳಗಿಟ್ಟು, ಎರಡು ಟ್ಯೂಬು ಬೆರೆಸುವ ಎಪಾಕ್ಸಿ ಹಾಕಿ ಒಂದು ದಿನ ಮುಟ್ಟದೆ ಬಿಡಿ. ಬಿಡುವುದೇ ಕಷ್ಟ. "ಆಯ್ತಾ ತಾತ?" ಗಂಟೆಗೊಮ್ಮೆ ಬರುತ್ತದೆ.

ಗೊಂಬೆ ಅಂಟಂಟಾಗಿದ್ದರೆ ಕೊಳೆಯಲ್ಲ. ಪಿವಿಸಿಯನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ವಸ್ತು ಹೊರಗೆ ಬರುತ್ತಿದೆ. ಸೋಪಿನಲ್ಲಿ ತೊಳೆದು ಗಾಳಿಯಾಡುವ ಕಡೆ ಇಡಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಹೆಚ್ಚುತ್ತದೆ. ಮೆತ್ತನೆಯ ಟೈರು ಒರಗಿದ ಜಾಗದಲ್ಲಿ ಪಕ್ಕದ ಕಾರು ಕರಗಿದ ಹಾಗೆ ಗುಳಿ ಬಿದ್ದಿರುವುದೂ ಇದರದ್ದೇ ಕೆಲಸ.

ರಿಪೇರಿ ಮಾಡಬಾರದ್ದು

ಕಡಲೆಕಾಯಿ ಪರಿಷೆಯಲ್ಲಿ ಕೊಂಡ ತೆಳು ಪ್ಲಾಸ್ಟಿಕ್ ಬಸ್ಸು ಬುಲ್ ಟೆಂಪಲ್ ರೋಡ್ ದಾಟುವುದರೊಳಗೆ ಚಕ್ರ ಉದುರಿಸಿಕೊಂಡರೆ ಅದು ತನ್ನ ಆಯಸ್ಸು ಮುಗಿಸಿದೆ, ಬಿಡಿ. ಚನ್ನಪಟ್ಟಣದ ಮರದ ಬಂಡಿಯಾದರೆ ಬೇರೆ ಮಾತು. ಬೇಸಿಗೆಯಲ್ಲಿ ಸಡಿಲವಾದ ಅದರ ಚಕ್ರದ ಗೂಟ ಮಳೆಗಾಲದಲ್ಲಿ ಮರ ಉಬ್ಬಿ ತಾನೇ ಬಿಗಿಯಾಗುತ್ತದೆ, ಆದ್ದರಿಂದ ಒಂದು ಮಳೆ ಕಾದು ನೋಡಿ. ಆದರೆ ನೀರಿನಲ್ಲಿ ನೆನೆಹಾಕಿ ತೊಳೆಯಬೇಡಿ, ಅರಗಿನ ಬಣ್ಣ ಕಿತ್ತು ಬರುತ್ತದೆ.

2021ರ ಜನವರಿ 1ರಿಂದ ನಮ್ಮಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಅದನ್ನು ನೋಡಿ "ಗುರುತಿದ್ದೂ ಮುರೀತಲ್ಲ" ಅನ್ನುತ್ತಾರೆ ಕೆಲವರು. ಆಟಿಕೆ ಸುರಕ್ಷತೆಯ ಮಾನದಂಡವಾದ ಐಎಸ್ 9873ರ ಪರೀಕ್ಷೆಯಲ್ಲಿ ಆಟಿಕೆಯನ್ನು ಬೀಳಿಸುವುದು, ಎಳೆಯುವುದು, ತಿರುಚುವುದು ಎಲ್ಲ ಇದೆ. ಆದರೆ ಅವರು ನೋಡುವುದು ಎಷ್ಟು ದಿನ ಬಾಳುತ್ತದೆ ಅಂತಲ್ಲ. ಮುರಿದಾಗ ಚೂಪು ಅಂಚೋ, ಗಂಟಲಿಗೆ ಸಿಕ್ಕುವ ಚೂರೋ ಬರುತ್ತದೆಯೇ ಅಂತ. ಆ ಚೂರಿನ ಅಳತೆಗೆ 31.7 ಮಿ.ಮೀ. ಅಗಲದ ಕೊಳವೆ ಇಟ್ಟಿದ್ದಾರೆ. ಅದರೊಳಗೆ ಪೂರ್ತಿ ಇಳಿಯುವ ಯಾವುದೂ ಮೂರು ವರ್ಷದೊಳಗಿನ ಮಗುವಿಗೆ ಆಗಬಾರದು. ನಾವು ಅಂಟಿಸಿದ ಕೈಗೆ ಯಾರೂ ಪರೀಕ್ಷೆ ಮಾಡಿಲ್ಲ. ಹಾಗಾಗಿ ಬಾಯಿಗೆ ಹಾಕುವ ವಯಸ್ಸಿನ ಮಗು ಮನೆಯಲ್ಲಿದ್ದರೆ ರಿಪೇರಿಯಾದದ್ದೆಲ್ಲ ದೊಡ್ಡವನ ಮೇಲಿನ ಕಪಾಟಿಗೆ.

ಎಸೆಯುವ ಮುಂಚೆ ಸ್ಕ್ರೂ, ಆಕ್ಸಲ್, ಒಳ್ಳೆಯ ಗೇರು, ಮೋಟಾರು ಬಿಚ್ಚಿಟ್ಟುಕೊಳ್ಳಿ. ನನ್ನ ಹತ್ತಿರ ಹಾರ್ಲಿಕ್ಸ್ ಬಾಟಲಿ ತುಂಬ ಇವೆ. ಸೆಲ್ಲುಗಳನ್ನು ಒಣ ಕಸಕ್ಕೂ ಹಾಕಬೇಡಿ, ಬೇರೆ ಕಟ್ಟಿ ಇ-ತ್ಯಾಜ್ಯಕ್ಕೆ ಕೊಡಿ.